ಹಲ್ ಅಂದ್ರೆ ಮೀನು

ಡಿಸೆಂಬರ್ ಮೂರನೇ ವಾರ. ಬುಡಾಪೆಸ್ಟಿನಲ್ಲಿ ಆಗ ಮಧ್ಯಾಹ್ನ ನಾಲ್ಕು ಗಂಟೆಗೇ ಕತ್ತಲಾಗಿಬಿಡುತ್ತೆ. ನಾನು ಬಾಡಿಗೆಗಿದ್ದದ್ದು ಒಂದು ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ. ನಡುವೆ ಅಂಗಳ, ಸುತ್ತ ಪ್ರತಿ ಮಹಡಿಯಲ್ಲೂ ಕಬ್ಬಿಣದ ಕಂಬಿ ಹಾಕಿದ ಉದ್ದನೆ ಪಡಸಾಲೆ, ಎಲ್ಲರ ಮನೆ ಬಾಗಿಲೂ ಅದಕ್ಕೇ ತೆರೆದುಕೊಳ್ಳುತ್ತೆ. ಅಲ್ಲಿನವರು ಅದಕ್ಕೆ ‘ಗಂಗ್’ ಅಂತಾರೆ. ನಮ್ಮ ಕಡೆಯವರು ನೋಡಿದ ತಕ್ಷಣ ವಠಾರ ಅಂದುಬಿಡ್ತಾರೆ.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಎಲ್ಲರೂ ಅವರನ್ನ ‘ನೇನಿ’ ಅಂತ ಕರೀತಿದ್ರು. ಹಂಗೇರಿಯನ್ನಲ್ಲಿ ವಯಸ್ಸಾದ ಹೆಂಗಸರನ್ನ ಹೆಸರಿನ ಕೊನೆಗೆ ನೇನಿ ಸೇರಿಸಿ, ಗಂಡಸರನ್ನ ‘ಬಾಚಿ’ ಸೇರಿಸಿ ಕರೆಯೋದು ರೂಢಿ. ನನಗೆ ಅವರ ಮಾತು ಅರ್ಥವಾಗ್ತಿರಲಿಲ್ಲ, ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಆದ್ರೂ ದಿನಾ ಏನಾದ್ರೂ ಹೇಳ್ತಿದ್ರು, ನಾನು ‘ಇಗೆನ್, ಇಗೆನ್’ ಅಂತ ತಲೆಯಾಡಿಸ್ತಿದ್ದೆ. ಇಗೆನ್ ಅಂದ್ರೆ ಹೌದು.

ಅವತ್ತು ಸಂಜೆ ಬೀಗ ತೆಗೀತಿದ್ದಾಗ ನೇನಿ ಬಾಗಿಲಲ್ಲಿ ನಿಂತಿದ್ರು. ಒಂದು ಸಣ್ಣ ವಾಕ್ಯ ಹೇಳಿದ್ರು: ‘ಮೆಗ್‌ಹಲ್ತ್ ಅ ಬಾತ್ಯಾಮ್’. ನನಗೆ ಒಂದು ಪದ ಸಿಕ್ಕಿತು. ಹಲ್. ಹಲ್ ಅಂದ್ರೆ ಮೀನು! ಆರು ತಿಂಗಳಿಂದ ಮೊಬೈಲ್ ಆ್ಯಪಿನಲ್ಲಿ ಹಂಗೇರಿಯನ್ ಉಜ್ಜುತ್ತಿದ್ದವನು ನಾನು. ಮೀನಿನ ಚಿತ್ರ ಒತ್ತಿ ಪಾಯಿಂಟು ಗಳಿಸಿದ್ದೆ. ಕ್ರಿಸ್‌ಮಸ್‌ಗೆ ಆ ದೇಶದ ಮನೆಮನೆಯಲ್ಲೂ ಮೀನಿನ ಅಡುಗೆ ಅನ್ನೋದೂ ಗೊತ್ತಿತ್ತು. ಏನೋ ಮಾಡಿದ್ದಾರೆ, ಹೇಳ್ತಿದ್ದಾರೆ ಅಂದುಕೊಂಡೆ. ಬಾಯಿ ತುಂಬ ನಕ್ಕು ‘ನದ್ಯೊನ್ ಫಿನೊಮ್!’ ಅಂದೆ. ತುಂಬಾ ರುಚಿ.

ನೇನಿ ಒಂದು ಕ್ಷಣ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರು.

ನಾಲ್ಕು ದಿನ ಆದ ಮೇಲೆ, ಅದೇ ಮಹಡಿಯಲ್ಲಿದ್ದ ಒಬ್ಬ ಕಾಲೇಜು ಹುಡುಗ ಇಂಗ್ಲಿಷಲ್ಲಿ ಹೇಳಿದ: ನೇನಿ ಊರಲ್ಲಿಲ್ಲ, ಅವರ ಅಣ್ಣ ತೀರಿಕೊಂಡರಂತೆ. ಆಮೇಲೆ ಪದಕೋಶ ತೆಗೆದು ನೋಡಿದೆ. ‘ಹಲ್’ ಅಂದ್ರೆ ಮೀನು. ‘ಹಲ್’ ಅಂದ್ರೆ ಸಾಯು ಕೂಡ. ‘ಮೆಗ್‌ಹಲ್ತ್’ ಅಂದ್ರೆ ತೀರಿಹೋದ. ‘ಬಾತ್ಯಾಮ್’ ಅಂದ್ರೆ ನನ್ನ ಅಣ್ಣ. ಒಬ್ಬ ಹೆಂಗಸು ‘ನಮ್ಮಣ್ಣ ಹೋಗಿಬಿಟ್ಟ’ ಅಂದಿದ್ದಕ್ಕೆ ನಾನು ‘ತುಂಬಾ ರುಚಿ’ ಅಂದಿದ್ದೆ.

ಈ ಬರಹ ಆ ಆ್ಯಪಿನ ಮೇಲಿನ ಸಿಟ್ಟಿಂದ ಶುರುವಾದದ್ದು, ಮುಚ್ಚಿಡೋದಿಲ್ಲ. ಆದ್ರೆ ಬರೀತಾ ಹೋದಂತೆ ಸಿಟ್ಟು ಬೇರೆ ಕಡೆ ತಿರುಗಿತು. ಹಂಗೇರಿಯನ್ ಕಲಿಯೋ ಹೊಸಬರಿಗೆ ಅಂತ ಸಿಗುವ ಸಾಮಗ್ರಿ, ಆ್ಯಪು, ಇಂಗ್ಲಿಷ್ ಪುಸ್ತಕ, ವಿಡಿಯೋ, ಮೂರನ್ನೂ ಎರಡು ವರ್ಷ ಹಿಂಡಿದ್ದೇನೆ. ನನ್ನ ತಕರಾರು ಇಷ್ಟು: ಇವೆಲ್ಲ ಆ ಭಾಷೆಯನ್ನು ಒಂದು ವಿಚಿತ್ರ ಪ್ರಾಣಿಯ ಹಾಗೆ ತೋರಿಸುತ್ತವೆ, ಇಂಗ್ಲಿಷಿನ ಕಿಟಕಿಯಿಂದ. ಆ ಕಿಟಕಿಯಿಂದ ನೋಡುವ ಕನ್ನಡಿಗನೂ ಅದನ್ನ ವಿಚಿತ್ರ ಅಂದುಕೊಂಡು, ‘ಅಯ್ಯೋ ಕಷ್ಟ ಕಣ್ರೀ’ ಅಂತ ಕೈಬಿಡ್ತಾನೆ. ಕೈಬಿಡೋದಕ್ಕೆ ಒಂದು ಗೌರವದ ಕಾರಣ ಸಿಕ್ಕಿತಲ್ಲ!

ಮೊದಲು ಈ ‘ಕಷ್ಟ’ದ ವಿಚಾರ. ಯಾವ ಪುಸ್ತಕ ತೆಗೆದರೂ ಮುನ್ನುಡಿಯಲ್ಲಿ ಒಂದು ಬೆದರಿಕೆ ಇರುತ್ತೆ: ಜಗತ್ತಿನ ಅತಿ ಕಠಿಣ ಭಾಷೆಗಳಲ್ಲಿ ಇದೊಂದು, ಹದಿನೆಂಟು ವಿಭಕ್ತಿಗಳು, ಹುಷಾರು. ಇದಕ್ಕೆ ಆಧಾರವಾಗಿ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯ ಪಟ್ಟಿ ಎದುರಿಗೆ ಹಿಡೀತಾರೆ. ಆ ಪಟ್ಟಿ ಪ್ರಕಾರ ಹಂಗೇರಿಯನ್ ಕಲಿಯೋಕೆ 44 ವಾರ, ಸುಮಾರು 1100 ಗಂಟೆ ತರಗತಿ ಬೇಕು. ಸರಿ. ಅದೇ ಗುಂಪಿನಲ್ಲಿ ಇನ್ಯಾವ ಭಾಷೆಗಳಿವೆ ನೋಡಿ: ತಮಿಳು, ತೆಲುಗು, ಹಿಂದಿ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುವ ಹೆಂಗಸು ಈ ಮೂರನ್ನೂ ಒಂದು ಗಂಟೆ ತರಗತಿಗೆ ಹೋಗದೆ ಮಾತಾಡ್ತಾಳೆ. ಆ ಪಟ್ಟಿ ಸುಳ್ಳಲ್ಲ. ಅದು ಇಂಗ್ಲಿಷ್ ಮನೆಮಾತಿನ ಅಮೆರಿಕನ್ ಅಧಿಕಾರಿಗಳಿಗೆ ಅಂತ ಮಾಡಿದ್ದು. ಅವರ ಅಳತೆಯ ಅಂಗಿ ಹಾಕಿಕೊಂಡು ‘ನನಗೆ ತೋಳು ಉದ್ದ ಆಯ್ತು’ ಅಂತ ನಾವು ಅಳೋದು ಯಾಕೆ?

ಇಂಗ್ಲಿಷ್ ಪುಸ್ತಕ ‘ವಿಚಿತ್ರ’ ಅಂತ ಚೌಕಟ್ಟು ಹಾಕಿ ತೋರಿಸುವ ಸಂಗತಿಗಳನ್ನ ಒಂದೊಂದಾಗಿ ನೋಡೋಣ.

ಹಂಗೇರಿಯನ್ನಲ್ಲಿ ‘ನನ್ನ ಬಳಿ ಇದೆ’ ಅನ್ನೋದಕ್ಕೆ ಪ್ರತ್ಯೇಕ ಕ್ರಿಯಾಪದವೇ ಇಲ್ಲವಂತೆ, ‘ನನಗೆ ಇದೆ’ ಅನ್ನಬೇಕಂತೆ. ಅರ್ಧ ಪುಟ ವಿವರಣೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಅನ್ನುವವರಿಗೆ ಇದರಲ್ಲಿ ವಿವರಿಸೋದು ಏನಿದೆ? ‘ವನ್’ ಅಂದ್ರೆ ಇದೆ, ‘ನಿಂಚ್’ ಅಂದ್ರೆ ಇಲ್ಲ. ಇಲ್ಲ ಅನ್ನೋದಕ್ಕೆ ಪ್ರತ್ಯೇಕ ಪದ ಇದೆ ಅಂತ ಪುಸ್ತಕ ಆಶ್ಚರ್ಯಪಡುತ್ತೆ. ‘ನೆಕೆಮ್ ಕೆಲ್ಲ್’ ಅಂದ್ರೆ ನನಗೆ ಬೇಕು. ಅಕ್ಷರಶಃ ಹಾಗೇ, ನೆಕೆಮ್ ನನಗೆ, ಕೆಲ್ಲ್ ಬೇಕು. ‘ಅವರು ಮೇಷ್ಟ್ರು’ ಅನ್ನೋಕೆ ನಡುವೆ ಕ್ರಿಯಾಪದ ಬೇಡ, ನಮ್ಮಲ್ಲೂ ಬೇಡ. ‘ಎರಡು ಮನೆ’ ಅಂದ ಮೇಲೆ ‘ಮನೆಗಳು’ ಅನ್ನೋ ಅಗತ್ಯ ಇಲ್ಲ. ಅವರು ಅಂತೂ ಹಾಗೆ ಅನ್ನೋದೇ ತಪ್ಪು. ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಸಂಗೀತಗಾರ ಬೇಲಾ ಬಾರ್ಟೋಕ್ ತನ್ನ ಊರಲ್ಲಿ ಬಾರ್ಟೋಕ್ ಬೇಲಾ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಅಂತ ಓದಿ ಬೆಳೆದವರು ಇದಕ್ಕೆ ಹುಬ್ಬೇರಿಸಬೇಕಿಲ್ಲ.

ಇನ್ನು ಹದಿನೆಂಟು ವಿಭಕ್ತಿ. ‘ಹಾಜ಼್’ ಅಂದ್ರೆ ಮನೆ. ‘ಹಾಜ಼್‌ಬನ್’ ಮನೆಯೊಳಗೆ, ‘ಹಾಜ಼್‌ಬ’ ಮನೆಯೊಳಕ್ಕೆ, ‘ಹಾಜ಼್‌ಬೋಲ್’ ಮನೆಯೊಳಗಿಂದ. ‘ಹಾಜ಼ೊನ್’ ಮನೆ ಮೇಲೆ, ‘ಹಾಜ಼್‌ರ’ ಮನೆ ಮೇಲಕ್ಕೆ, ‘ಹಾಜ಼್‌ರೋಲ್’ ಮನೆ ಮೇಲಿಂದ. ‘ಹಾಜ಼್‌ನಾಲ್’ ಮನೆ ಹತ್ತಿರ, ‘ಹಾಜ಼್‌ಹೊಜ಼್’ ಮನೆ ಹತ್ತಿರಕ್ಕೆ, ‘ಹಾಜ಼್‌ತೋಲ್’ ಮನೆ ಹತ್ತಿರದಿಂದ. ಮೂರು ಮೂರಲೆ ಒಂಬತ್ತು. ಒಳಗೆ, ಮೇಲೆ, ಹತ್ತಿರ ಅನ್ನುವ ಮೂರು ಜಾಗ. ಇರೋದು, ಹೋಗೋದು, ಬರೋದು ಅನ್ನುವ ಮೂರು ಚಲನೆ. ಇದನ್ನ ಹೀಗೆ ಕನ್ನಡದ ಪಕ್ಕ ಇಟ್ಟರೆ ಒಂದು ಸಂಜೆಯ ಕೆಲಸ. ಇಂಗ್ಲಿಷ್ ಪುಸ್ತಕ ಇದನ್ನ ಒಂಬತ್ತು ಲ್ಯಾಟಿನ್ ಹೆಸರುಗಳಲ್ಲಿ, ಒಂಬತ್ತು ಬೇರೆ ಬೇರೆ ಪಾಠಗಳಲ್ಲಿ ಹಂಚಿತ್ತು. ಏಳನೇ ಪಾಠಕ್ಕೆ ಬರೋ ಹೊತ್ತಿಗೆ ಮೊದಲನೇದು ಮರೆತಿರುತ್ತೆ.

ಈ ಪ್ರತ್ಯಯಗಳೂ ಆಕಾಶದಿಂದ ಬಿದ್ದವಲ್ಲ. ಬಲಾಟನ್ ಕೆರೆ ದಡದ ತಿಹಾನ್ಯ್ ಮಠಕ್ಕೆ 1055ರಲ್ಲಿ ಬರೆಸಿದ ಶಾಸನಪತ್ರ ಒಂದಿದೆ. ಪತ್ರ ಲ್ಯಾಟಿನ್ನಲ್ಲಿದೆ, ನಡುನಡುವೆ ಹಂಗೇರಿಯನ್ ಪದಗಳಿವೆ. ಇವತ್ತು ‘ಮೇಲಕ್ಕೆ’ ಅನ್ನೋ ‘ರ’ ಪ್ರತ್ಯಯ ಅದರಲ್ಲಿ ‘ರೆಯಾ’ ಅಂತ ಬಿಡಿ ಪದವಾಗೇ ನಿಂತಿದೆ. ಕಾಲ ಕಳೆದಂತೆ ಹಿಂದಿನ ಪದಕ್ಕೆ ಅಂಟಿಕೊಂಡಿತು. ‘ಬನ್’ ಕೂಡ ಹೊಟ್ಟೆಯೊಳಗಿನ ಕರುಳು, ಒಳಭಾಗ ಅನ್ನುವ ಪದದಿಂದ ಬಂದದ್ದು. ಹಳಗನ್ನಡದಲ್ಲಿ ‘ಒಳ್’ ಅನ್ನೋದು ಸಪ್ತಮಿ ಪ್ರತ್ಯಯ ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದವರಿಗೆ ಈ ಕತೆ ಹೊಸದಲ್ಲ. ಹದಿನೆಂಟು ಅನ್ನೋ ಸಂಖ್ಯೆ ಹೆದರಿಸುತ್ತೆ, ‘ಒಳಗೆ’ ಹೆದರಿಸೋದಿಲ್ಲ.

ನನಗೆ ತುಂಬ ಇಷ್ಟವಾದ ಜೋಡಿ ಇನ್ನೊಂದು. ‘ಎಜ಼್’ ಇದು, ‘ಅಜ಼್’ ಅದು. ‘ಇಯೆನ್’ ಇಂಥ, ‘ಒಯನ್’ ಅಂಥ. ‘ಇತ್ತ್’ ಇಲ್ಲಿ, ‘ಒತ್ತ್’ ಅಲ್ಲಿ. ಇತ್ತ, ಅತ್ತ! ಹತ್ತಿರದ್ದಕ್ಕೆ ಇ-ಎ, ದೂರದ್ದಕ್ಕೆ ಅ-ಒ. ಇದನ್ನ ಕಂಡ ದಿನ ನಾನು ಟ್ರಾಮಿನಲ್ಲಿ ಒಬ್ಬನೇ ನಕ್ಕಿದ್ದೆ.

ಕೊನೆಗೆ ಅಣ್ಣ. ಹಂಗೇರಿಯನ್ನಲ್ಲಿ ಅಣ್ಣ ‘ಬಾತ್ಯ್’, ತಮ್ಮ ‘ಒಚ್’, ಅಕ್ಕ ‘ನೋವೇರ್’, ತಂಗಿ ‘ಹೂಗ್’. ನಾಲ್ಕು ಸಂಬಂಧ, ನಾಲ್ಕು ಪದ, ಪ್ರತಿಯೊಂದಕ್ಕೂ ‘ನನ್ನ’ ಸೇರಿದ ರೂಪ. ಆಸ್ಪತ್ರೆಯ ನರ್ಸಿಗೂ ನೋವೇರ್ ಅಂತಲೇ ಹೇಳ್ತಾರೆ, ನಾವು ಸಿಸ್ಟರ್ ಅನ್ನೋ ಹಾಗೆ. ನಾಲ್ವರಿಗೂ ಸೇರಿ ‘ತೆಶ್ತ್‌ವೇರ್’ ಅನ್ನೋ ಪದ ಇದೆ. ತೆಶ್ತ್ ಮೈ, ವೇರ್ ರಕ್ತ. ನಮ್ಮ ಒಡಹುಟ್ಟಿದವರು. ನಾನು ಬಳಸ್ತಿದ್ದ ಆ್ಯಪು ಕಲಿಸಿದ್ದು ಈ ತೆಶ್ತ್‌ವೇರ್ ಒಂದೇ, ಯಾಕಂದ್ರೆ ಇಂಗ್ಲಿಷಿನಿಂದ ನೋಡಿದರೆ ಹಿರಿಯ-ಕಿರಿಯ ಅನ್ನೋದು ಆಮೇಲೆ ನೋಡಿಕೊಳ್ಳಬಹುದಾದ ವಿವರ. ‘ಅಣ್ಣ’ ಅನ್ನೋ ಪದ ಮೊದಲ ವಾರದಲ್ಲಿ ಬರಬೇಕು ಅಂತ ಕನ್ನಡದ ಯಾವ ಮಗುವಾದ್ರೂ ಹೇಳುತ್ತೆ. ನೇನಿ ‘ಬಾತ್ಯಾಮ್’ ಅಂದಾಗ ನನಗೆ ಅದು ಬರೀ ಶಬ್ದವಾಗಿ ಕೇಳಿಸಿದ್ದು ಹೀಗೆ.

ಇಷ್ಟು ಹೇಳಿ ‘ನೋಡಿ, ಹಂಗೇರಿಯನ್ ನಮ್ಮದೇ’ ಅಂತ ಜೈಕಾರ ಹಾಕೋಕೆ ಹೊರಟರೆ ಅದು ಇನ್ನೊಂದು ಹಳ್ಳ. ಅದರಲ್ಲೂ ನಾನು ಬಿದ್ದಿದ್ದೇನೆ.

ಆಫೀಸಿನ ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದರು. ಸಮಯ ‘ಫೇಲ್ ನ್ಯೊಲ್ಟ್ಸ್’ ಅಂದ್ರು. ಫೇಲ್ ಅರ್ಧ, ನ್ಯೊಲ್ಟ್ಸ್ ಎಂಟು. ಆಹಾ, ಎಂಟೂವರೆ! ಕನ್ನಡ ಇದ್ದ ಹಾಗೇ ಇದೆ ಅಂತ ಹೂವು ಹಿಡಿದು ಎಂಟೂವರೆಗೆ ಬಾಗಿಲು ತಟ್ಟಿದೆ. ಫೇಲ್ ನ್ಯೊಲ್ಟ್ಸ್ ಅಂದ್ರೆ ಏಳೂವರೆ. ನಾವು ಕಳೆದ ಗಂಟೆಗೆ ಅರ್ಧ ಸೇರಿಸ್ತೀವಿ, ಅವರು ಬರುವ ಗಂಟೆ ಎಷ್ಟು ತುಂಬಿದೆ ಅಂತ ಲೆಕ್ಕ ಹಾಕ್ತಾರೆ. ಏಳೂಕಾಲು ಅಂದ್ರೆ ‘ಕಾಲು ಎಂಟು’, ಏಳೂಮುಕ್ಕಾಲು ಅಂದ್ರೆ ‘ಮುಕ್ಕಾಲು ಎಂಟು’. ಅವರು ಪಾಪ ಒಂದು ಗಂಟೆ ಕಾದು ಊಟ ಮುಗಿಸಿದ್ದರು. ನನಗೆ ಮತ್ತೆ ಬಿಸಿ ಮಾಡಿ ಬಡಿಸಿದರು.

ಕನ್ನಡ ಕೈಕೊಡೋ ಜಾಗಗಳು ಇನ್ನೂ ಇವೆ. ‘ಒಲ್ವಶೊಕ್’ ಅಂದ್ರೂ ಓದ್ತೀನಿ, ‘ಒಲ್ವಶೊಮ್’ ಅಂದ್ರೂ ಓದ್ತೀನಿ. ಮೊದಲನೆಯದು ಯಾವುದೋ ಒಂದು ಪುಸ್ತಕ ಓದುವಾಗ, ಎರಡನೆಯದು ಇಂಥದ್ದೇ ಪುಸ್ತಕ ಓದುವಾಗ. ಯಾವುದೋ ಒಂದಾ, ಅದೇನಾ ಅನ್ನೋದನ್ನ ಅವರ ಕ್ರಿಯಾಪದ ಹೊತ್ತುಕೊಳ್ಳುತ್ತೆ. ನಮ್ಮಲ್ಲಿ ‘ಪುಸ್ತಕ ಓದಿದೆ’ಗೂ ‘ಪುಸ್ತಕವನ್ನು ಓದಿದೆ’ಗೂ ಇರೋ ವ್ಯತ್ಯಾಸ ಇದಕ್ಕೆ ಸ್ವಲ್ಪ ಹತ್ತಿರ, ಆದ್ರೆ ನಾವು ಅದನ್ನ ಪುಸ್ತಕದ ಮೇಲೆ ಹೊರಿಸ್ತೀವಿ. ‘ಸೆರೆತ್ಲೆಕ್’ ಅನ್ನೋ ಒಂದೇ ಪದದಲ್ಲಿ ‘ನಾನು ನಿನ್ನನ್ನು ಪ್ರೀತಿಸ್ತೀನಿ’ ಪೂರ್ತಿ ಇದೆ. ಅವನು, ಅವಳು ಎರಡಕ್ಕೂ ಒಂದೇ ಪದ. ಇವನ್ನ ಕೂತು ಕಲೀಲೇಬೇಕು, ಅಡ್ಡದಾರಿ ಇಲ್ಲ.

ಸ್ವರಗಳ ಹೊಂದಾಣಿಕೆಯೂ ಹಾಗೇ. ಮನೆಯೊಳಗೆ ‘ಹಾಜ಼್‌ಬನ್’, ತೋಟದೊಳಗೆ ಮಾತ್ರ ‘ಕೆರ್ತ್‌ಬೆನ್’. ಪದದಲ್ಲಿರೋ ಸ್ವರ ನೋಡಿಕೊಂಡು ಪ್ರತ್ಯಯದ ಸ್ವರ ಬದಲಾಗುತ್ತೆ. ಕೆಲವಕ್ಕೆ ಮೂರು ರೂಪ. ಸಂಜೆ ತರಗತಿಯ ಟೀಚರನ್ನ ‘ಯಾಕೆ ಹೀಗೆ?’ ಅಂತ ಕೇಳಿದರೆ ‘ಇನ್ನೊಂದು ಕಿವಿಗೆ ಸರಿ ಬರಲ್ಲ’ ಅಂದ್ರು. ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ಮನೆಗೆ, ಊರಿಗೆ, ಮರಕ್ಕೆ. ಯಾಕೆ ‘ಮರಗೆ’ ಅಲ್ಲ ಅಂತ ಯಾರಾದ್ರೂ ನನ್ನ ಕೇಳಿದರೆ ನಾನೂ ಅದೇ ಉತ್ತರ ಕೊಡ್ತೀನಿ. ನಿಯಮ ಬೇರೆ, ಕಿವಿಯ ಕೆಲಸ ಒಂದೇ. ಕಿವಿಯನ್ನ ತಯಾರು ಮಾಡೋಕೆ ಕೇಳೋದು ಬಿಟ್ಟು ಬೇರೆ ದಾರಿ ಇಲ್ಲ.

ಹೋಲಿಕೆ ಕಂಡ ಕೂಡಲೇ ನೆಂಟಸ್ತಿಕೆ ಹುಡುಕೋ ಚಟ ನಮಗೊಬ್ಬರಿಗೇ ಅಲ್ಲ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ, ನಮ್ಮ ಭಾಷೆಗಳನ್ನ ಫಿನ್ನಿಷ್, ಹಂಗೇರಿಯನ್ ಇರುವ ‘ಸಿಥಿಯನ್’ ಗುಂಪಿನ ಹತ್ತಿರ ಕೂರಿಸಿದ್ದರು. ಇವತ್ತಿನ ಭಾಷಾವಿಜ್ಞಾನ ಅದನ್ನ ಒಪ್ಪೋದಿಲ್ಲ. ಪ್ರತ್ಯಯ ಅಂಟಿಸೋದು ಒಂದು ಕಟ್ಟುವ ಕ್ರಮ ಅಷ್ಟೇ, ರಕ್ತಸಂಬಂಧ ಅಲ್ಲ. ಹಂಗೇರಿಯನ್ನಿನ ನಿಜವಾದ ಹತ್ತಿರದ ನೆಂಟರು ಪಶ್ಚಿಮ ಸೈಬೀರಿಯಾದ ಖಾಂತಿ ಮತ್ತು ಮಾನ್ಸಿ, ಆಮೇಲೆ ದೂರದ ಫಿನ್ನಿಷ್, ಎಸ್ಟೋನಿಯನ್. ಇತ್ತ್-ಒತ್ತ್ ನೋಡಿ ನಾನು ಟ್ರಾಮಿನಲ್ಲಿ ನಕ್ಕಿದ್ದು ಕಾಕತಾಳೀಯಕ್ಕೆ.

ಈ ನೆಂಟರ ಹುಡುಕಾಟದಲ್ಲಿ ಭಾರತಕ್ಕೇ ಬಂದ ಒಬ್ಬ ಹಂಗೇರಿಯನ್ ಇದ್ದಾನೆ. ಕೋರೋಶಿ ಚೋಮಾ ಶಾಂದೋರ್. ತನ್ನ ಜನರ ಮೂಲ ಏಷ್ಯಾದಲ್ಲಿದೆ ಅಂತ ನಂಬಿ 1819ರಲ್ಲಿ ಟ್ರಾನ್ಸಿಲ್ವೇನಿಯಾದಿಂದ ಹೊರಟವನು ಕೊನೆಗೆ ಲಡಾಖ್, ಝನ್ಸ್ಕಾರ್ ಸೇರಿದ. ಅಲ್ಲಿನ ಕೊರೆಯೋ ಚಳಿಯಲ್ಲಿ ಒಬ್ಬ ಲಾಮಾ ಜೊತೆ ಕೂತು ಟಿಬೆಟನ್ ಕಲಿತ. 1834ರಲ್ಲಿ ಅವನ ಟಿಬೆಟನ್-ಇಂಗ್ಲಿಷ್ ನಿಘಂಟು ಕಲ್ಕತ್ತೆಯಲ್ಲಿ ಅಚ್ಚಾಯಿತು. 1842ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡ, ಸಮಾಧಿ ಅಲ್ಲೇ ಇದೆ. ಹುಡುಕಿಕೊಂಡು ಬಂದ ನೆಂಟರು ಸಿಗಲಿಲ್ಲ. ಎದುರಿಗೆ ಕೂತಿದ್ದವರ ಭಾಷೆ ಮಾತ್ರ ಪೂರ್ತಿ ದಕ್ಕಿತು. ನನ್ನ ಮಟ್ಟಿಗೆ ಭಾಷೆ ಕಲಿಯೋ ಹೊಸಬರಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ.

ಹಾಗಾದ್ರೆ ಮೊದಲ ಪುಸ್ತಕ ಹೇಗಿರಬೇಕು? ತಕರಾರು ಹೇಳಿದವನು ಇದನ್ನೂ ಹೇಳಬೇಕಲ್ಲ.

ಆ್ಯಪಿಗೆ ಸಲ್ಲಬೇಕಾದ್ದು ಸಲ್ಲಲಿ: ದಿನಾ ಹತ್ತು ನಿಮಿಷ ಕೂರೋ ಅಭ್ಯಾಸ ಅದರಿಂದಲೇ ಬಂತು. ಅಂಕಿ, ಬಣ್ಣ, ತಿಂಡಿ ಕಲಿತೆ. ‘ಎಸ್’ ಅಕ್ಷರ ಕಂಡರೆ ಶ ಅನ್ನಬೇಕು, ‘ಎಸ್-ಜ಼ೆಡ್’ ಜೋಡಿ ಕಂಡರೆ ಸ ಅನ್ನಬೇಕು ಅನ್ನೋದು ನಾಲಿಗೆಗೆ ಕೂತಿತು. ಆದ್ರೆ ಅದರ ವಾಕ್ಯಗಳಲ್ಲಿ ಮನುಷ್ಯರೇ ಇರಲಿಲ್ಲ. ಹುಡುಗ ಸೇಬು ತಿಂತಾನೆ, ಕೆಂಪು ಕಾರು ವೇಗವಾಗಿದೆ. ಯಾರು ಯಾರಿಗೆ ಹೇಳ್ತಿದ್ದಾರೆ? ಗೊತ್ತಿಲ್ಲ. ಯಾರೂ ಸಾಯೋದಿಲ್ಲ, ಯಾರಿಗೂ ಕಾಯಿಲೆ ಇಲ್ಲ, ಯಾರೂ ಯಾರನ್ನೂ ಕ್ಷಮೆ ಕೇಳೋದಿಲ್ಲ. ‘ಹಲ್’ಗೆ ಮೀನಿನ ಚಿತ್ರ ಇಡೋದು ಸುಲಭ, ಸಾವಿಗೆ ಯಾವ ಚಿತ್ರ ಇಡ್ತೀರಿ?

ಮೊದಲನೆಯದಾಗಿ, ಮೊದಲ ಪಾಠದಲ್ಲೇ ಮನುಷ್ಯರು ಬರಲಿ. ‘ನೀನು’ ಅನ್ನೋಕೆ ‘ತೆ’, ‘ನೀವು’ ಅನ್ನೋಕೆ ‘ಒನ್’. ವಯಸ್ಸಾದವರನ್ನ ‘ಹೇಗಿದ್ದೀರಿ’ ಅಂತ ಕೇಳೋಕೆ ಇನ್ನೊಂದೇ ವಿನಯದ ಧಾಟಿ: ‘ಹೊದ್ ತೆಟ್ಸಿಕ್ ಲೆನ್ನಿ?’ ನೇನಿಯಂಥವರಿಗೆ ‘ಚೋಕೊಲೊಮ್’ ಅಂತ ನಮಸ್ಕಾರ. ಕೈಗೆ ಮುತ್ತಿಡ್ತೀನಿ ಅನ್ನೋ ಹಳೇ ಮರ್ಯಾದೆ. ನಾನು ಆರು ತಿಂಗಳು ಎಪ್ಪತ್ತು ದಾಟಿದ ಹೆಂಗಸಿಗೆ ‘ಸಿಯ’ ಅಂತಿದ್ದೆ. ಬಸ್‌ಸ್ಟಾಪಿನಲ್ಲಿ ಅಜ್ಜಿಗೆ ‘ಏನಮ್ಮಾ, ಹೆಂಗಿದ್ದೀಯ’ ಅಂದ ಹಾಗೆ. ಹಿರಿಯರು-ಕಿರಿಯರು ನೋಡಿ ಮಾತು ಬದಲಿಸೋದು ನಮಗೆ ಹುಟ್ಟಿನಿಂದ ಗೊತ್ತು. ಅದನ್ನ ಬಳಸಬೇಕಾದ ಜಾಗದಲ್ಲಿ ಇಂಗ್ಲಿಷಿನ ಒಂದೇ ‘ಯು’ ಬಂದು ಕೂತುಬಿಟ್ಟಿತ್ತು.

ಎರಡನೆಯದು, ‘ಅರ್ಥ ಆಗಲಿಲ್ಲ’ ಅನ್ನೋದನ್ನ ಸೇಬಿಗಿಂತ ಮೊದಲು ಕಲಿಸಿ. ‘ನೆಮ್ ಏರ್ತೆಮ್’, ಅರ್ಥ ಆಗಲಿಲ್ಲ. ‘ಲಶ್ಶಬ್ಬನ್’, ಇನ್ನೂ ನಿಧಾನವಾಗಿ. ‘ತೆಶ್ಶೇಕ್’ ಅನ್ನೋ ಪವಾಡದ ಪದ ಒಂದಿದೆ. ಅಂಗಡಿಯವರು ನಿಮ್ಮ ಸರದಿ ಬಂದಾಗ ತೆಶ್ಶೇಕ್ ಅಂದ್ರೆ ‘ಹೇಳಿ ಸಾರ್’. ಸಾಮಾನು ಕೈಗಿಡುವಾಗ ತೆಶ್ಶೇಕ್ ಅಂದ್ರೆ ‘ತಗೊಳ್ಳಿ’. ಬಾಗಿಲು ತಟ್ಟಿದಾಗ ‘ಬನ್ನಿ’. ನೀವು ಪ್ರಶ್ನೆ ಮಾಡೋ ದನಿಯಲ್ಲಿ ತೆಶ್ಶೇಕ್ ಅಂದ್ರೆ ‘ಏನಂದ್ರಿ?’. ಅವತ್ತು ಸಂಜೆ ನನಗೆ ಬೇಕಾಗಿದ್ದದ್ದು ಇದೊಂದೇ ಪದ. ಅರ್ಥವಾಗದಿದ್ದಾಗ ‘ಏನಂದ್ರಿ’ ಅನ್ನುವ ಧೈರ್ಯ ಇದ್ದಿದ್ದರೆ ನೇನಿ ಇನ್ನೊಂದು ಸಲ ಹೇಳ್ತಿದ್ದರು. ತಲೆಯಾಡಿಸಿ ತಪ್ಪಿಸಿಕೊಳ್ಳೋದನ್ನ ಯಾವ ಆ್ಯಪೂ ಕಲಿಸಿರಲಿಲ್ಲ, ಅದು ನನ್ನದೇ ಕಲಿಕೆ.

ಮೂರನೆಯದು, ಕಲಿಯುವವರ ಕೈಯಲ್ಲಿರೋ ಲಿಪಿಯನ್ನ ಬಳಸಿ. ‘ಕೆರೆಕ್’ ಅಂದ್ರೆ ದುಂಡಗಿರೋದು, ‘ಕೆರೇಕ್’ ಅಂದ್ರೆ ಚಕ್ರ, ‘ಕೇರೆಕ್’ ಅಂದ್ರೆ ‘ಕೊಡಿ’ ಅಂತ ಕೇಳೋದು. ಇಂಗ್ಲಿಷ್ ಕಿವಿಗೆ ಮೂರೂ ಒಂದೇ. ನಾವು ಬರೆದರೆ ಮೂರೂ ಬೇರೆ ಬೇರೆ ಕಾಣುತ್ತವೆ. ‘ಹಲ್’ ಮೀನು, ‘ಹಲ್ಲ್’ ಅಂದ್ರೆ ಕೇಳಿಸಿಕೊಳ್ಳೋದು. ಒಂದು ಒತ್ತಕ್ಷರದ ವ್ಯತ್ಯಾಸ. ಕತೆ, ಕತ್ತೆ ಬೇರೆ ಅಂತ ತಿಳಿದವರಿಗೆ ಇದು ಕಷ್ಟವೇ? ನನ್ನ ನೋಟ್‌ಬುಕ್ಕನ್ನ ಕನ್ನಡ ಅಕ್ಷರಕ್ಕೆ ಬದಲಾಯಿಸಿದ ತಿಂಗಳಿಂದ ಕಾಫಿ ಅಂಗಡಿಯವರು ‘ಏನು?’ ಅನ್ನೋದು ಕಮ್ಮಿಯಾಯಿತು. ಎಲ್ಲ ಸ್ವರಕ್ಕೂ ನಮ್ಮಲ್ಲಿ ಅಕ್ಷರ ಇಲ್ಲ. ತುಟಿ ಮುಂದೆ ಚಾಚಿ ಹೇಳುವ ನಾಲ್ಕು ಸ್ವರಗಳಿವೆ, ಅವಕ್ಕೆ ನಾನು ತಲೆ ಮೇಲೆ ಚುಕ್ಕೆ ಇಟ್ಟುಕೊಂಡೆ. ಅವರ ಗಿಡ್ಡ ‘ಅ’ ಕೂಡ ನಮ್ಮದಲ್ಲ, ಒ ಕಡೆಗೆ ವಾಲಿದ್ದು.

ನೇನಿ ವಿಚಾರಕ್ಕೆ ಬರ್ತೀನಿ. ಜನವರಿಯಲ್ಲಿ ಅವರು ವಾಪಸು ಬಂದ ದಿನ, ಬೆಳಗಿಂದ ಬಾಯಿಪಾಠ ಮಾಡಿದ್ದನ್ನ ಬಾಗಿಲಲ್ಲಿ ನಿಂತು ಹೇಳಿದೆ. ‘ರೇಸ್ವೇತೆಮ್’. ನನ್ನ ಸಂತಾಪ. ಆಮೇಲೆ ‘ನೆಮ್ ಏರ್ತೆತ್ತೆಮ್’, ನನಗೆ ಅರ್ಥ ಆಗಿರಲಿಲ್ಲ. ಅವರು ನನ್ನ ತೋಳು ಮುಟ್ಟಿ ಏನೋ ಉದ್ದಕ್ಕೆ ಹೇಳಿದ್ರು. ನಾಲ್ಕಾಣೆ ಭಾಗ ಅರ್ಥವಾಯಿತು. ಈ ಸಲ ಇಗೆನ್ ಅನ್ನಲಿಲ್ಲ, ‘ತೆಶ್ಶೇಕ್?’ ಅಂದೆ. ಅವರು ನಿಧಾನವಾಗಿ ಇನ್ನೊಂದು ಸಲ ಹೇಳಿದ್ರು. ಆಮೇಲೆ ವಾರಕ್ಕೆರಡು ಸಂಜೆ ತರಗತಿ, ಉಳಿದ ದಿನ ನೇನಿಯ ಅಡುಗೆಮನೆ.

ಒಂದು ವಿಷಯ ಹೇಳಲೇಬೇಕು. ಬೆಂಗಳೂರಲ್ಲಿದ್ದಾಗ ‘ಹತ್ತು ವರ್ಷದಿಂದ ಇದ್ದಾರೆ, ಒಂದಕ್ಷರ ಕನ್ನಡ ಕಲಿತಿಲ್ಲ’ ಅಂತ ಸ್ಟೇಟಸ್ ಹಾಕಿದವರಲ್ಲಿ ನಾನೂ ಒಬ್ಬ. ಬುಡಾಪೆಸ್ಟಿನಲ್ಲಿ ಹದಿನಾಲ್ಕು ತಿಂಗಳು ನಾನು ಮಾಡಿದ್ದು ಅದನ್ನೇ. ಆಫೀಸಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಕೈಸನ್ನೆ, ಕೇಳಿದವರಿಗೆ ‘ತುಂಬಾ ಕಷ್ಟದ ಭಾಷೆ’ ಅನ್ನೋ ಸಿದ್ಧ ಉತ್ತರ. ಸಿಟ್ಟು ಬೇರೆ ಕಡೆ ತಿರುಗಿತು ಅಂದಿದ್ದು ಇದಕ್ಕೇ. ಈಗ ವಾಪಸು ಬಂದಿದ್ದೀನಿ. ಟೀಮಿನಲ್ಲಿ ಯಾರಾದ್ರೂ ‘ಕನ್ನಡ ಟಫ್ ಯಾರ್’ ಅಂದ್ರೆ ಈಗಲೂ ಒಪ್ಪಲ್ಲ. ಆದ್ರೆ ಒಂದು ಪ್ರಶ್ನೆ ಕೇಳ್ತೀನಿ: ನಿಮಗೆ ಮೊದಲು ಯಾವ ವಾಕ್ಯ ಹೇಳಿಕೊಟ್ಟರು? ಹೆಚ್ಚಿನವರದ್ದು ಒಂದೇ ಉತ್ತರ, ‘ಕನ್ನಡ ಗೊತ್ತಿಲ್ಲ’. ಗೊತ್ತಿಲ್ಲ ಅಂತ ಹೇಳಿ ಮಾತು ಮುಗಿಸೋದನ್ನ ಮೊದಲು ಕಲಿಸ್ತೀವಿ. ‘ಏನಂದ್ರಿ? ಇನ್ನೊಂದು ಸಲ ಹೇಳಿ’ ಅಂತ ಮುಂದುವರಿಸೋದನ್ನ ಕಲಿಸೋದಿಲ್ಲ. ನಮ್ಮ ‘ಕನ್ನಡ ಕಲಿಯಿರಿ’ ಕೈಪಿಡಿಗಳನ್ನೂ ಒಮ್ಮೆ ಈ ಕಣ್ಣಿಂದ ತೆಗೆದು ನೋಡಿ. ಆಟೋ ಬಾಡಿಗೆ ಇದೆ, ತರಕಾರಿ ರೇಟಿದೆ. ಪಕ್ಕದ ಮನೆಯವರು ‘ನಮ್ಮಣ್ಣ ಹೋಗಿಬಿಟ್ಟ’ ಅಂದ್ರೆ ಏನು ಹೇಳಬೇಕು ಅನ್ನೋದು ಇದೆಯಾ?

ಹೊರಡೋ ಹಿಂದಿನ ಸಂಜೆ ನೇನಿ ಕೇಳಿದ್ರು, ನಿಮ್ಮ ಮನೆ ಎಲ್ಲಿ ಅಂತ. ಇಲ್ಲೊಂದು ಚಂದದ ನಿಯಮ ಇದೆ. ಹಂಗೇರಿಯ ಹೆಚ್ಚಿನ ಊರುಗಳ ‘ಮೇಲೆ’ ಇರ್ತಾರೆ, ಹೊರದೇಶದ ಊರುಗಳ ‘ಒಳಗೆ’. ಬುಡಾಪೆಸ್ಟಿಗೆ ‘ಬುಡಾಪೆಶ್ತೆನ್’, ಲಂಡನ್ನಿಗೆ ‘ಲೊಂಡೊನ್‌ಬನ್’. ನಾನು, ಎರಡು ವರ್ಷ ಬುಡಾಪೆಸ್ಟಿನಲ್ಲಿದ್ದೆ, ಮನೆ ಬೆಂಗಳೂರಿನಲ್ಲಿ ಅನ್ನೋಕೆ ಹೋಗಿ ಎರಡಕ್ಕೂ ‘ಒಳಗೆ’ ಅಂದೆ. ನೇನಿ ತಕ್ಷಣ ತಡೆದು ‘ಬುಡಾಪೆಶ್ತೆನ್’ ಅಂತ ತಿದ್ದಿದ್ರು, ಮಗುವಿಗೆ ತಿದ್ದಿದ ಹಾಗೆ. ಎರಡು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಾನು ಏನಂದರೂ ಅವರು ತಿದ್ದುತ್ತಿರಲಿಲ್ಲ.